ಪೆಟ್ಟಾಗದ ಪಂದ್ಯದ ಮರ್ಯಾದೆ

ನಮ್ಮ ಸಂಘದ ಸದಸ್ಯರಲ್ಲಿ ವರ್ಷಕ್ಕೆ ಎರಡು ಸಲವಾದರೂ ಬೆಂಗಳೂರಿನ ಬಸ್ಸು ಹತ್ತದವರು ವಿರಳ. ಪೂಂದಮಲ್ಲಿ ದಾಟಿದ ಮೇಲೆ, ಶ್ರೀಪೆರುಂಬುದೂರು ಬರುವುದಕ್ಕೆ ಮುಂಚೆ, ಇರುಂಗಾಟುಕೋಟೈ ಎಂಬ ಊರು ಸಿಗುತ್ತದೆ. ರಾತ್ರಿಯ ಬಸ್ಸಾದರೆ ಆ ವೇಳೆಗೆ ನಾವೆಲ್ಲ ಕಿಟಕಿಯ ಪರದೆ ಎಳೆದು, ಹೊದಿಕೆಯೊಳಗೆ ಸೇರಿ, ಮೆಜೆಸ್ಟಿಕ್ಕಿನ ಬೆಳಗಿನ ಕಾಫಿಯ ಕನಸು ಕಾಣುತ್ತಿರುತ್ತೇವೆ. ಈ ಊರಿನಲ್ಲಿ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ ಕಾರಿನ ಪಂದ್ಯದ ಹಾದಿ ಇದೆ. 1990ರಲ್ಲಿ ತೆರೆದದ್ದು, ಒಂದು ಸುತ್ತಿಗೆ ಸುಮಾರು 3.7 ಕಿಲೋಮೀಟರು. ಇಪ್ಪತ್ತು ವರ್ಷದಿಂದ ಅದರ ಪಕ್ಕದಲ್ಲೇ ಹೋಗಿ ಬರುತ್ತಿದ್ದರೂ ನಾವು ಆ ಕಡೆ ತಲೆ ತಿರುಗಿಸಿ ನೋಡಿದವರಲ್ಲ. ಕಾರಿನ ಓಟಕ್ಕೂ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ಕಟ್ಟುವ ಗುಮಾಸ್ತರಿಗೂ ಏನು ಸಂಬಂಧ? ಆ ಸಂಬಂಧ ಬಂದದ್ದು ನಮ್ಮ ಮನೆಯ ಊಟದ ಮೇಜಿನ ಮೂಲಕ.

ನಮ್ಮ ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ಅವನ ಸೋದರಮಾವ ಒಂದು ದೀಪಾವಳಿಗೆ ಗಣಕಕ್ಕೆ ಜೋಡಿಸುವ ಸ್ಟೀರಿಂಗ್ ಚಕ್ರವನ್ನೂ ಪೆಡಲುಗಳನ್ನೂ ತಂದುಕೊಟ್ಟರು. ಅಂದಿನಿಂದ ರಾತ್ರಿ ಊಟವಾದ ಮೇಲೆ ಮೇಜು ಅವನದು. ಇದೂ ಒಂದು ವಿಡಿಯೋ ಆಟ ಎಂದು ನಾವು ತಿಳಿದಿದ್ದೆವು. ಅಲ್ಲವಂತೆ; ಇದಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಟೈರಿನ ಹಿಡಿತ, ಬ್ರೇಕಿನ ಕಾವು, ಪೆಟ್ರೋಲು ಖರ್ಚಾದಂತೆ ಕಾರು ಹಗುರವಾಗುವ ಲೆಕ್ಕ, ಎಲ್ಲವೂ ಅದರಲ್ಲಿ ಇದೆ. ಬಿ.ಎಸ್ಸಿ.ಯಲ್ಲಿ ನ್ಯೂಟನ್ನನ ನಿಯಮಗಳನ್ನು ಬಾಯಿಪಾಠ ಮಾಡಿ ಪಾಸಾದ ನಮಗೆ, ಅವು ಕೈಗೆ ತಾಗುವುದನ್ನು ಮೊದಲು ತೋರಿಸಿದವನು ಈ ಹುಡುಗ. ಒಂದು ಪಂದ್ಯದಲ್ಲಿ ಇಪ್ಪತ್ತು ಮಂದಿ ಇರುತ್ತಾರೆ. ಒಬ್ಬ ಬ್ರೆಜಿಲಿನವನು, ಒಬ್ಬ ಫಿನ್ಲೆಂಡಿನವನು, ಒಬ್ಬ ಪುಣೆಯವನು. ಯಾರೂ ಯಾರನ್ನೂ ಕಂಡವರಲ್ಲ.

ಒಂದು ಶನಿವಾರ ರಾತ್ರಿ ಕೊನೆಯ ಸುತ್ತಿನಲ್ಲಿ ಹಿಂದಿನ ಕಾರೊಂದು ಗುದ್ದಿ ಇವನನ್ನು ಹುಲ್ಲಿಗೆ ತಳ್ಳಿತು. ಐದನೆಯವನಾಗಿದ್ದವನು ಹದಿನಾಲ್ಕನೆಯವನಾದ. ಮುಂದಿನ ಪಂದ್ಯದಲ್ಲೂ ಅದೇ ಎದುರಾಳಿ ಇದ್ದ. ನಮ್ಮವನು ತನ್ನ ಸ್ಥಾನದ ಚಿಂತೆ ಬಿಟ್ಟು, ನಿಧಾನ ಮಾಡಿ, ಅವನು ಹತ್ತಿರ ಬರುವವರೆಗೆ ಕಾದು, ಬೇಕೆಂದೇ ಅಡ್ಡ ತಿರುಗಿಸಿದ. ಎರಡೂ ಕಾರುಗಳು ಪಲ್ಟಿ. ಮಗನ ಹೆಸರಿನ ಪಕ್ಕದಲ್ಲಿ ತ್ರಿವರ್ಣ ಧ್ವಜದ ಗುರುತಿತ್ತು. ತೆರೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ನಿಮ್ಮ ದೇಶದವರೆಲ್ಲ ಹೀಗೆಯೇ ಓಡಿಸುವುದೇ ಎಂದು.

"ಏನೋ ಇದು?" ಎಂದೆವು.

"ಅವನೇ ಮೊದಲು ಗುದ್ದಿದ್ದು, ಅಪ್ಪಾ. ಆಟ ತಾನೆ? ಯಾರಿಗೂ ಪೆಟ್ಟಾಗಲಿಲ್ಲವಲ್ಲ!"

ಆ ರಾತ್ರಿ ನಮಗೆ ಉತ್ತರ ತೋಚಲಿಲ್ಲ. ಪೆಟ್ಟಾಗಲಿಲ್ಲ ಎಂಬುದು ನಿಜ. ಹಾಗಾದರೆ ತಪ್ಪು ಎಲ್ಲಿದೆ? ಆಮೇಲೆ ಕೆಲವು ತಿಂಗಳು ಬಿಡುವಿದ್ದಾಗಲೆಲ್ಲ ಓಟದ ಪಂದ್ಯಗಳ ಚರಿತ್ರೆಯನ್ನು ಕೆದಕುತ್ತ ಬಂದೆವು. ಅದರಿಂದ ತಿಳಿದದ್ದನ್ನು, ಇಂಥ ಮೇಜು ಇರುವ ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಕಥೆ ನಮ್ಮ ಊರಿನಿಂದಲೇ ಶುರುವಾಗಲಿ. ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಇರುಂಗಾಟುಕೋಟೈ ಬರುವುದಕ್ಕೆ ಮುಂಚೆ ಅದರ ಪಂದ್ಯಗಳು ನಡೆಯುತ್ತಿದ್ದುದು ನಗರದ ಉತ್ತರಕ್ಕೆ, ರೆಡ್ ಹಿಲ್ಸ್ ದಾಟಿ ಸಿಗುವ ಶೋಲಾವರಂನಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಸಲು ಮಾಡಿದ್ದ ಓಡುದಾರಿ ಅದು. ಯುದ್ಧ ಮುಗಿದು ವಿಮಾನಗಳು ಹೋದ ಮೇಲೆ ಆ ದಾರಿಯಲ್ಲಿ ಕಾರು, ಮೋಟಾರು ಸೈಕಲ್ಲುಗಳು ಓಡಿದವು. ಪಂದ್ಯದ ದಿನ ಸಹಸ್ರಾರು ಜನ ಬಿಸಿಲಲ್ಲಿ ನಿಂತು ನೋಡುತ್ತಿದ್ದರು. ಕೊಯಮತ್ತೂರಿನ ಎಸ್. ಕರಿವರ್ಧನ್ ಅಲ್ಲಿ ಹೆಸರು ಮಾಡಿದವರಲ್ಲಿ ಒಬ್ಬರು. ಅವರು ತಾವು ಓಡಿಸಿದ್ದಲ್ಲದೆ, ಬೇರೆಯವರು ಓಡಿಸಲೆಂದು ಕಾರುಗಳನ್ನೂ ಕಟ್ಟಿದರು. ಮಾರುತಿ ಕಾರಿನ ಎಂಜಿನ್ನನ್ನೇ ಕೂರಿಸಿ ಅವರು ಮಾಡಿದ ಸಣ್ಣ ಪಂದ್ಯದ ಕಾರು, ಹೆಚ್ಚು ಹಣವಿಲ್ಲದ ಹುಡುಗರಿಗೂ ಈ ಕ್ರೀಡೆಯ ಬಾಗಿಲು ತೆರೆಯಿತು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಅವರ ಹೆಸರು ಕೊಯಮತ್ತೂರಿನ ಓಟದ ಹಾದಿಯಲ್ಲಿ ಇನ್ನೂ ಉಳಿದಿದೆ.

ನಮ್ಮ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು, ಮೂಲತಃ ಧಾರವಾಡದ ಕಡೆಯವರು, ಎಪ್ಪತ್ತರ ದಶಕದಲ್ಲಿ ಬುತ್ತಿ ಕಟ್ಟಿಕೊಂಡು ಶೋಲಾವರಂಗೆ ಹೋಗುತ್ತಿದ್ದವರು. ಅವರನ್ನು ಕೇಳಿದೆವು: ಅಲ್ಲಿ ಬೇಕೆಂದೇ ಗುದ್ದುವವರು ಇರಲಿಲ್ಲವೇ? ಅವರು ನಕ್ಕರು. "ಗುದ್ದಿದರ ತನ್ನ ಕಾಲೂ ಮುರಿತಿತ್ತಲ್ರೀ! ಮತ್ತ, ಸಂಜೀ ಮುಂದ ಅದೇ ಮನಷ್ಯಾನ ಕಡೆ ಹೋಗಿ ಸ್ಪ್ಯಾನರ್ ಬೇಡಬೇಕಿತ್ತು."

ಈ ಎರಡು ಮಾತಿನಲ್ಲಿ ಇಡೀ ವಿಷಯ ಅಡಗಿದೆ ಎಂದು ನಮಗೆ ಆಮೇಲೆ ಹೊಳೆಯಿತು. ಹಾದಿಯ ಮೇಲಿನ ಮರ್ಯಾದೆಯನ್ನು ಕಾಯುತ್ತಿದ್ದವು ಎರಡು: ಒಂದು ಮೈಯ ಭಯ, ಇನ್ನೊಂದು ಮುಖದಾಕ್ಷಿಣ್ಯ. ಇವೆರಡರ ಮೇಲೆ ನಿಯಮಗಳು ನಿಂತಿದ್ದವು. 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ನಮ್ಮ ಐಲೆಂಡ್ ಗ್ರೌಂಡ್ಸ್ ಸುತ್ತಿನ ಬೀದಿಗಳಲ್ಲೇ ರಾತ್ರಿ ಪಂದ್ಯ ನಡೆದಾಗ ನೋಡಿದವರಿಗೆ ಆ ಬಾವುಟಗಳು ನೆನಪಿರಬಹುದು. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯವಿದೆ, ಯಾರೂ ಯಾರನ್ನೂ ಹಿಂದಿಕ್ಕಕೂಡದು. ನೀಲಿ ಬೀಸಿದರೆ ಹಿಂದೆ ವೇಗದ ಕಾರಿದೆ, ದಾರಿ ಬಿಡು. ಕಪ್ಪು ಬಾವುಟದ ಜೊತೆಗೆ ನಿನ್ನ ಸಂಖ್ಯೆ ಕಂಡರೆ ಹಾದಿ ಬಿಟ್ಟು ಒಳಗೆ ಬಾ. ಗಂಟೆಗೆ ಇನ್ನೂರು ಕಿಲೋಮೀಟರು ವೇಗದಲ್ಲಿರುವವನು ರಸ್ತೆಯ ಪಕ್ಕದಲ್ಲಿ ನಿಂತ ಸ್ವಯಂಸೇವಕನ ಕೈಯ ಬಟ್ಟೆ ತುಂಡಿಗೆ ತಲೆಬಾಗುತ್ತಾನೆ. ಬಾಗದಿದ್ದರೆ ಏನಾಗುತ್ತದೆಂದು ಅವನ ಮೈಗೆ ಗೊತ್ತು.

ಆದರೆ ಮರ್ಯಾದೆ ಎಂದರೆ ಭಯ ಮಾತ್ರವೇ ಅಲ್ಲ. ಅದಕ್ಕೆ ಸಾಕ್ಷಿಯಾಗಿ ಓಟದ ಚರಿತ್ರೆಯಲ್ಲಿ ಒಂದು ದಿನವಿದೆ. 1958ರ ಆಗಸ್ಟ್ 24, ಪೋರ್ಚುಗಲ್ಲಿನ ಪೋರ್ಟೊ ನಗರ. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟಕ್ಕೆ ಇಬ್ಬರು ಆಂಗ್ಲರ ನಡುವೆ ಪೈಪೋಟಿ: ಸ್ಟರ್ಲಿಂಗ್ ಮಾಸ್ ಮತ್ತು ಮೈಕ್ ಹಾಥಾರ್ನ್. ಪಂದ್ಯವನ್ನು ಮಾಸ್ ಗೆದ್ದರು, ಹಾಥಾರ್ನ್ ಎರಡನೆಯವರಾದರು. ಆದರೆ ಕೊನೆಯಲ್ಲಿ ಹಾಥಾರ್ನರ ಕಾರು ತಿರುಗಿ ನಿಂತುಹೋಗಿತ್ತು. ಅದನ್ನು ಮತ್ತೆ ಚಾಲೂ ಮಾಡುವಾಗ ಪಂದ್ಯದ ದಿಕ್ಕಿಗೆ ವಿರುದ್ಧವಾಗಿ ಓಡಿಸಿದರೆಂದು ಅವರನ್ನು ಅನರ್ಹಗೊಳಿಸುವ ಮಾತು ಬಂತು. ಆಗ ಪಂಚರ ಮುಂದೆ ಹೋಗಿ ಹಾಥಾರ್ನರ ಪರವಾಗಿ ಸಾಕ್ಷಿ ಹೇಳಿದವರು ಸ್ವತಃ ಮಾಸ್! ಅವರು ಓಡಿಸಿದ್ದು ಓಟದ ಹಾದಿಯಲ್ಲಿ ಅಲ್ಲ, ಪಕ್ಕದ ಕಾಲುದಾರಿಯಲ್ಲಿ, ಆದ್ದರಿಂದ ಅದು ತಪ್ಪಲ್ಲ ಎಂದು ವಾದಿಸಿದರು. ಹಾಥಾರ್ನರ ಅಂಕಗಳು ಉಳಿದವು. ವರ್ಷದ ಕೊನೆಗೆ ಲೆಕ್ಕ ಮಾಡಿದಾಗ ಹಾಥಾರ್ನರಿಗೆ 42, ಮಾಸ್ ಅವರಿಗೆ 41. ಆ ವರ್ಷ ಮಾಸ್ ನಾಲ್ಕು ಪಂದ್ಯ ಗೆದ್ದಿದ್ದರು, ಹಾಥಾರ್ನ್ ಒಂದೇ ಒಂದು. ಆದರೂ ಪಟ್ಟ ಹಾಥಾರ್ನರಿಗೆ ಹೋಯಿತು. ಮಾಸ್ ಮುಂದೆ ಎಂದೂ ವಿಶ್ವ ಚಾಂಪಿಯನ್ ಆಗಲಿಲ್ಲ. ಪಟ್ಟ ಪಡೆದ ಎಷ್ಟೋ ಮಂದಿಯ ಹೆಸರು ಮರೆತುಹೋಗಿದ್ದರೂ ಮಾಸ್ ಅವರ ಹೆಸರು ಉಳಿದಿರುವುದಕ್ಕೆ ಆ ಒಂದು ಸಾಕ್ಷಿಯೂ ಕಾರಣ.

ಇಂಥವರೇ ಎಲ್ಲ ಕಾಲದಲ್ಲೂ ಇದ್ದರೆಂದರೆ ಸುಳ್ಳಾದೀತು. 1990ರಲ್ಲಿ ಜಪಾನಿನ ಸುಜುಕಾದಲ್ಲಿ ಮೊದಲ ತಿರುವಿನಲ್ಲೇ ಐರ್ಟನ್ ಸೆನ್ನಾ ಮತ್ತು ಅಲೇನ್ ಪ್ರೋಸ್ಟರ ಕಾರುಗಳು ಡಿಕ್ಕಿಯಾಗಿ ಇಬ್ಬರೂ ಹೊರಬಿದ್ದರು. ಅದರಿಂದ ಪಟ್ಟ ಸೆನ್ನಾಗೆ ದಕ್ಕಿತು. ಮರುವರ್ಷ ಸೆನ್ನಾ, ತಾನು ಬೇಕೆಂದೇ ಬಿಟ್ಟುಕೊಡಲಿಲ್ಲವೆಂದು ಒಪ್ಪಿಕೊಂಡರು. 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಮೈಕೆಲ್ ಶುಮಾಕರ್ ತನ್ನನ್ನು ದಾಟುತ್ತಿದ್ದ ಜಾಕ್ ವಿಲ್ನೆವ್ ಅವರ ಮೇಲೆ ಕಾರು ತಿರುಗಿಸಿದರು. ಪಟ್ಟ ವಿಲ್ನೆವ್‌ಗೇ ಹೋಯಿತು. ಶುಮಾಕರರನ್ನು ಆ ವರ್ಷದ ಚಾಂಪಿಯನ್‌ಷಿಪ್ಪಿನ ಪಟ್ಟಿಯಿಂದಲೇ ತೆಗೆದುಹಾಕಲಾಯಿತು. ಮಾಸ್ ಅವರ ಕಾಲದ ಕಾರಿನಲ್ಲಿ ಹೀಗೆ ಗುದ್ದಿದರೆ ಇಬ್ಬರೂ ಸಾಯುವ ಸಂಭವವೇ ಹೆಚ್ಚು. ಕಾರು ಗಟ್ಟಿಯಾಗಿ ಅಪಾಯ ಕಡಿಮೆಯಾದಂತೆ ಗುದ್ದುವ ಧೈರ್ಯ ಹೆಚ್ಚಿತು ಎಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ ಎಂದು ನಮಗೆ ಕಾಣುತ್ತದೆ. ಹಾಗಿದ್ದ ಮೇಲೆ, ಅಪಾಯವೇ ಇಲ್ಲದ ಕಡೆ ಏನು ಗತಿ?

ಇಲ್ಲಿಂದ ಮುಂದಿನದು ಗಣಕದ ಚರಿತ್ರೆ. 1989ರಲ್ಲಿ ಅಮೆರಿಕದ ಪಪೈರಸ್ ಎಂಬ ಸಂಸ್ಥೆ ಇಂಡಿಯಾನಾಪೊಲಿಸ್ ಪಂದ್ಯದ ಸಿಮ್ಯುಲೇಟರ್ ಒಂದನ್ನು ಹೊರತಂದಿತು. ಅದನ್ನು ಆಡಿದವರಲ್ಲಿ ಬಹಳ ಮಂದಿ ಮಾಡಿದ ಮೊದಲ ಕೆಲಸವೆಂದರೆ ಕಾರನ್ನು ಹಿಂದೆ ತಿರುಗಿಸಿ, ಎದುರು ದಿಕ್ಕಿನಲ್ಲಿ ಓಡಿಸಿ, ಬರುವ ಕಾರುಗಳಿಗೆಲ್ಲ ಗುದ್ದಿ ನಗುವುದು. ಅದರಲ್ಲಿ ದೋಷವೇನೂ ಇರಲಿಲ್ಲ. ಎದುರಿನ ಕಾರುಗಳನ್ನು ಓಡಿಸುತ್ತಿದ್ದುದು ಗಣಕವೇ. "ಯಾರಿಗೂ ಪೆಟ್ಟಾಗಲಿಲ್ಲ" ಎಂಬ ನಮ್ಮ ಮಗನ ವಾದ 1989ರ ಮಟ್ಟಿಗೆ ಪೂರ್ತಿ ಸರಿ.

ಆಮೇಲಿನ ಹತ್ತು ವರ್ಷಗಳಲ್ಲಿ ಸ್ಥಿತಿ ಬದಲಾಯಿತು. ಅದೇ ಪಪೈರಸ್ 1998ರಲ್ಲಿ, 1967ನೆಯ ಇಸವಿಯ ಕಾರುಗಳನ್ನು ಅನುಕರಿಸುವ 'ಗ್ರ್ಯಾನ್ ಪ್ರಿ ಲೆಜೆಂಡ್ಸ್' ಎಂಬುದನ್ನು ಹೊರತಂದಾಗ, ದೂರದೂರದ ಮನುಷ್ಯರು ದೂರವಾಣಿ ತಂತಿಯ ಮೂಲಕ ಪರಸ್ಪರ ಓಡಿಸಬಹುದಾಗಿತ್ತು. ಈಗ ಎದುರಿನ ಕಾರಿನಲ್ಲಿ ಒಬ್ಬ ಮನುಷ್ಯನಿದ್ದ. ಕಚೇರಿ ಮುಗಿಸಿ, ಮಕ್ಕಳನ್ನು ಮಲಗಿಸಿ, ವಾರವೆಲ್ಲ ಅಭ್ಯಾಸ ಮಾಡಿ ಒಂದು ಗಂಟೆಯ ಪಂದ್ಯಕ್ಕೆ ಕುಳಿತವನು. ಮೊದಲ ತಿರುವಿನಲ್ಲೇ ಯಾರೋ ಗುದ್ದಿದರೆ ಅವನ ಮೂಳೆ ಮುರಿಯದು, ಹೌದು. ಆದರೆ ಅವನ ವಾರ ಮುರಿಯಿತು.

ಮೈಯ ಭಯವೂ ಇಲ್ಲ, ಮುಖದಾಕ್ಷಿಣ್ಯವೂ ಇಲ್ಲ. ಈ ಎರಡೂ ಇಲ್ಲದೆ ಮರ್ಯಾದೆಯನ್ನು ಹೇಗೆ ನಿಲ್ಲಿಸುವುದು ಎಂಬುದು ಆ ಬಳಗದ ಮುಂದಿದ್ದ ಪ್ರಶ್ನೆ. ಪಪೈರಸ್ಸನ್ನು ಕಟ್ಟಿದವರಲ್ಲಿ ಒಬ್ಬರಾದ ಡೇವ್ ಕೇಮರ್ ಅವರು ಜಾನ್ ಹೆನ್ರಿ ಎಂಬ ಧನಿಕರೊಡನೆ 2004ರಲ್ಲಿ 'ಐರೇಸಿಂಗ್' ಸಂಸ್ಥೆಯನ್ನು ಸ್ಥಾಪಿಸಿ, 2008ರಲ್ಲಿ ಅದನ್ನು ಜನರಿಗೆ ತೆರೆದರು. ಅವರು ಕಂಡುಕೊಂಡ ಉಪಾಯ ನಮ್ಮಂಥ ಗುಮಾಸ್ತರಿಗೆ ತಕ್ಷಣ ಅರ್ಥವಾಗುವಂಥದು: ಪ್ರತಿಯೊಬ್ಬನಿಗೂ ಒಂದು ಸರ್ವಿಸ್ ಬುಕ್ಕು!

ಅದರ ಕ್ರಮ ಹೀಗಿದೆ. ಕಾರು ಹಾದಿಯ ಎಲ್ಲೆ ದಾಟಿದರೆ ಒಂದು ಅಂಕ. ಹತೋಟಿ ತಪ್ಪಿ ತಿರುಗಿದರೆ ಎರಡು. ಇನ್ನೊಂದು ಕಾರಿಗೆ ಜೋರಾಗಿ ಬಡಿದರೆ ನಾಲ್ಕು. ಇವು ಗಳಿಕೆಯ ಅಂಕಗಳಲ್ಲ, ಕಳಂಕದ ಅಂಕಗಳು. ಎಷ್ಟು ತಿರುವುಗಳನ್ನು ದಾಟುವಷ್ಟರಲ್ಲಿ ಎಷ್ಟು ಕಳಂಕ ಎಂಬ ಲೆಕ್ಕದ ಮೇಲೆ ಅವನ ಸುರಕ್ಷತೆಯ ದರ್ಜೆ ನಿಂತಿದೆ. ಹೊಸಬನಾಗಿ ಸೇರಿದವನು ಡಿ, ಸಿ, ಬಿ, ಎ ಎಂಬ ಲೈಸೆನ್ಸುಗಳನ್ನು ಒಂದೊಂದಾಗಿ ಏರಬೇಕು. ವೇಗ ಎಷ್ಟಿದ್ದರೂ ನಡತೆ ಸರಿಯಿಲ್ಲದಿದ್ದರೆ ಬಡ್ತಿ ಇಲ್ಲ, ಹಿಂಬಡ್ತಿಯೂ ಉಂಟು. ಎಲ್ಲಕ್ಕಿಂತ ಮುಖ್ಯವಾದದ್ದು, ಅಲ್ಲಿ ಸುಳ್ಳು ಹೆಸರಿಗೆ ಅವಕಾಶವಿಲ್ಲ. ಸ್ವಂತ ಹೆಸರಿನಲ್ಲೇ ಓಡಿಸಬೇಕು. ಹೋದ ಮುಖದಾಕ್ಷಿಣ್ಯವನ್ನು ಹೆಸರಿನ ಮೂಲಕ ಹಿಂದಕ್ಕೆ ತರುವ ಪ್ರಯತ್ನ ಇದು.

ಇಲ್ಲಿ ವಾಚಕರಿಗೆ ಒಂದು ಸಂದೇಹ ಬರಬಹುದು. ಎರಡು ಕಾರು ಬಡಿದರೆ ಇಬ್ಬರಿಗೂ ಅಂಕವಂತೆ. ತಪ್ಪು ಯಾರದೆಂದು ಯಂತ್ರ ಕೇಳುವುದೇ ಇಲ್ಲವಂತೆ. ಇದು ಯಾವ ನ್ಯಾಯ? ನಮಗೂ ಹಾಗೆಯೇ ಅನ್ನಿಸಿತ್ತು. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 200 ಕಿಲೋಮೀಟರು ಎಂದರೆ ಸೆಕೆಂಡಿಗೆ 55 ಮೀಟರಿಗೂ ಹೆಚ್ಚು. ಚೆನ್ನೈಯಿಂದ ಹೊರಟ ಸುದ್ದಿ ಯೂರೋಪನ್ನೋ ಅಮೆರಿಕವನ್ನೋ ಮುಟ್ಟಲು ಸಮುದ್ರದ ತಳದ ಗಾಜಿನ ತಂತಿಗಳಲ್ಲಿ ಸಾವಿರಾರು ಕಿಲೋಮೀಟರು ಓಡಬೇಕು. ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೂ ಆ ಹೊತ್ತಿಗೆ ಕಾರು ಐದೂವರೆ ಮೀಟರು ಮುಂದೆ ಹೋಗಿರುತ್ತದೆ. ಅದು ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ. ಸುದ್ದಿ ಬರುವವರೆಗೆ ಗಣಕವು ಎದುರಿನ ಕಾರು ಎಲ್ಲಿರಬಹುದೆಂದು ಊಹಿಸಿ ತೋರಿಸುತ್ತಿರುತ್ತದೆ. ಊಹೆ ತಪ್ಪಿದರೆ ಕಾರು ಹಾರಿ ಬಂದು ನಮ್ಮ ಮೇಲೆ ಬಿದ್ದಂತೆ ಕಾಣುತ್ತದೆ. ಅವನ ತೆರೆಯಲ್ಲಿ ಅವನು ನಮ್ಮನ್ನು ಮುಟ್ಟಿಯೇ ಇರಲಿಕ್ಕಿಲ್ಲ. ಆದ್ದರಿಂದ ಯಂತ್ರ ತಪ್ಪು ಹೊರಿಸುವುದಿಲ್ಲ. ದೂರ ಇರುವುದನ್ನು ಇಬ್ಬರೂ ಕಲಿಯಿರಿ ಎನ್ನುತ್ತದೆ. ಬೇಕೆಂದು ಗುದ್ದಿದ್ದೆಂದು ಅನ್ನಿಸಿದರೆ ಪಂದ್ಯದ ದಾಖಲೆಯೊಡನೆ ಮನುಷ್ಯರಾದ ಪಂಚರಿಗೆ ದೂರು ಕೊಡಬಹುದು. ಕೆಲವು ಕೂಟಗಳಲ್ಲಿ ಪಂದ್ಯ ಮುಗಿದ ಕೂಡಲೇ ದೂರು ಕೊಡಲು ಬಿಡುವುದಿಲ್ಲ. ಒಂದು ದಿನ ಕಳೆದು, ಸಿಟ್ಟು ಇಳಿದ ಮೇಲೆ ಬರೆಯಬೇಕು. ನಮ್ಮ ಕಚೇರಿಗಳಿಗೂ ಈ ನಿಯಮ ಬಂದರೆ ಎಷ್ಟು ಕಾಗದ ಉಳಿದೀತು!

ಜಪಾನಿನ 'ಗ್ರ್ಯಾನ್ ಟುರಿಸ್ಮೊ' ಆಟದವರು ಇನ್ನೊಂದು ಮಾರ್ಗ ಹಿಡಿದರು. 2017ರಲ್ಲಿ, ವಿಶ್ವ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್.ಐ.ಎ. ಜೊತೆಗೂಡಿ ಅವರು ಹೊರತಂದ ಆವೃತ್ತಿಯಲ್ಲಿ, ಇತರರೊಡನೆ ಸ್ಪರ್ಧೆಗೆ ಇಳಿಯುವ ಮೊದಲು ಆಟದ ಶಿಷ್ಟಾಚಾರವನ್ನು ಹೇಳುವ ಎರಡು ಚಿಕ್ಕ ಚಿತ್ರಗಳನ್ನು ನೋಡಲೇಬೇಕಾಗಿತ್ತು. ಪಕ್ಕದಲ್ಲಿ ಬಂದವನಿಗೆ ಒಂದು ಕಾರಿನಷ್ಟು ಜಾಗ ಬಿಡು. ಹಾದಿ ತಪ್ಪಿ ಹೊರಹೋದವನು ಮರಳಿ ಬರುವಾಗ ನೋಡಿಕೊಂಡು ಬಾ. ಇಂಥ ಸಣ್ಣ ಮಾತುಗಳು. ವೇಗಕ್ಕೆ ಒಂದು ದರ್ಜೆ, ಕ್ರೀಡಾ ಮನೋಭಾವಕ್ಕೆ ಬೇರೆಯೇ ಒಂದು ದರ್ಜೆ. ಇವೆಲ್ಲಕ್ಕಿಂತ ಮೆಚ್ಚುವಂಥದು ಯಾವ ಯಂತ್ರವೂ ಹೇಳಿಕೊಡದ ಒಂದು ಪದ್ಧತಿ. ತನ್ನಿಂದ ಆಕಸ್ಮಿಕವಾಗಿ ತಗುಲಿ ಒಬ್ಬ ಹೊರಬಿದ್ದರೆ, ಒಳ್ಳೆಯ ಆಟಗಾರ ವೇಗ ತಗ್ಗಿಸಿ, ಅವನು ಮರಳಿ ಬರುವವರೆಗೆ ಕಾದು, ಅವನ ಸ್ಥಾನ ಅವನಿಗೆ ಬಿಟ್ಟುಕೊಡುತ್ತಾನೆ. ನಮ್ಮ ಸಂಘದ ಕೇರಂ ಪಂದ್ಯದಲ್ಲಿ, ಯಾರೂ ನೋಡದಿದ್ದರೂ "ನನ್ನ ಕೈ ತಾಗಿತು" ಎಂದು ತಾನೇ ಹೇಳಿ ಸರದಿ ಬಿಡುವವನ ಜಾತಿಗೆ ಸೇರಿದವನು ಇವನು.

2020ರಲ್ಲಿ ಈ ವ್ಯವಸ್ಥೆಗೆಲ್ಲ ದೊಡ್ಡ ಪರೀಕ್ಷೆ ಬಂತು. ಕೊರೋನಾದಿಂದ ನಾವು ಮನೆಯೊಳಗೆ ಕುಳಿತಿದ್ದಂತೆ ಪ್ರಪಂಚದ ಓಟಗಾರರೂ ಮನೆಯೊಳಗೆ ಕುಳಿತರು. ಮಾರ್ಚಿಯಿಂದ ನಿಜವಾದ ಪಂದ್ಯಗಳು ನಿಂತು, ಗಣಕದ ಪಂದ್ಯಗಳು ಅವುಗಳ ಸ್ಥಾನಕ್ಕೆ ಬಂದವು. ಜೂನ್ 13 ಮತ್ತು 14ರಂದು ನಡೆದ ಗಣಕದ ಲ ಮಾನ್ಸ್ 24 ಗಂಟೆಯ ಓಟದಲ್ಲಿ 50 ಕಾರುಗಳು, 200 ಓಟಗಾರರು ಇದ್ದರು. ಹುಟ್ಟಿನಿಂದ ಓಟವನ್ನೇ ಉಸಿರಾಡಿದ ಈ ದೊಡ್ಡವರು ಹುಡುಗರಿಗೆ ಮೇಲ್ಪಂಕ್ತಿಯಾಗಬಹುದೆಂದು ಯಾರಾದರೂ ಎಣಿಸಿದ್ದರೆ, ನಡೆದದ್ದು ಬೇರೆ. ಮೇ 2ರಂದು ಇಂಡಿಯಾನಾಪೊಲಿಸ್‌ನ ಗಣಕದ ಓಟದಲ್ಲಿ, ಹಿಂದಿನ ವರ್ಷ ಅಲ್ಲಿನ ನಿಜವಾದ 500 ಮೈಲಿ ಪಂದ್ಯವನ್ನು ಗೆದ್ದಿದ್ದ ಸಿಮೋನ್ ಪಜನೋ, ಮುಂದಿದ್ದ ಲ್ಯಾಂಡೋ ನಾರಿಸ್ ಅವರ ದಾರಿಯಲ್ಲಿ ಬೇಕೆಂದೇ ನಿಧಾನ ಮಾಡಿ ಅವರ ಗೆಲುವನ್ನು ಕೆಡಿಸಿದರು. ನಮ್ಮ ಊಟದ ಮೇಜಿನಲ್ಲಿ ನಡೆದದ್ದೂ ಅದೇ ತಾನೆ! ಅದೇ ತಿಂಗಳ 23ರಂದು ಫಾರ್ಮುಲಾ ಇ ಪಂದ್ಯದಲ್ಲಿ ಡೇನಿಯಲ್ ಆಬ್ಟ್ ಎಂಬ ಜರ್ಮನ್ ಓಟಗಾರ, ತನ್ನ ಹೆಸರಿನಲ್ಲಿ ಬೇರೊಬ್ಬ ಗಣಕ ಪ್ರವೀಣನನ್ನು ಕೂರಿಸಿ ಓಡಿಸಿದ್ದು ಬಯಲಾಯಿತು. ಪರೀಕ್ಷೆಗೆ ಬೇರೆಯವನನ್ನು ಕಳಿಸಿದಂತೆ! ತಮಾಷೆಗೆ ಮಾಡಿದ್ದು ಎಂದರೂ ಬಿಡಲಿಲ್ಲ. 10,000 ಯೂರೊ ದಾನವಾಗಿ ಕೊಡಬೇಕಾಯಿತು. ಅವರ ತಂಡವಾದ ಆಡಿ ಅವರನ್ನು ಹೊರಗಿಟ್ಟಿತು.

ಏಪ್ರಿಲ್ 12ರಂದು ಅಮೆರಿಕದ ಕೈಲ್ ಲಾರ್ಸನ್, ತನ್ನ ಮಾತು ಎಲ್ಲರಿಗೂ ಕೇಳುತ್ತಿದೆ ಎಂಬುದನ್ನು ಅರಿಯದೆ, ಕರಿಯರನ್ನು ಹೀನಾಯವಾಗಿ ಕರೆಯುವ ಶಬ್ದವನ್ನು ಬಳಸಿದರು. ಎರಡು ದಿನದೊಳಗೆ ಅವರ ನಿಜವಾದ ಕೆಲಸವೇ ಹೋಯಿತು. ಆಟ ಗಣಕದ್ದು, ಮಾತು ಮಾತ್ರ ನಿಜದ್ದು. ಅವರ ವಿಷಯದಲ್ಲಿ ಸಮಾಧಾನದ ಮಾತೆಂದರೆ, ತಪ್ಪನ್ನು ಒಪ್ಪಿ, ತಿದ್ದಿಕೊಳ್ಳುವ ತರಬೇತಿ ಪಡೆದು ಮರಳಿ ಬಂದು, 2021ರಲ್ಲಿ ಆ ದೇಶದ ನಾಸ್ಕಾರ್ ಚಾಂಪಿಯನ್ ಪಟ್ಟವನ್ನು ಗೆದ್ದರು. ಬಿದ್ದವರಿಗೆ ಏಳುವ ದಾರಿಯನ್ನೂ ಆ ಬಳಗ ಮುಚ್ಚಲಿಲ್ಲ.

ನಮ್ಮ ದೇಶದ ಸರ್ಕಾರವೂ ಈ ಆಟಗಳ ಕಡೆ ಕಣ್ಣು ಹಾಯಿಸಿದೆ. 2022ರ ಡಿಸೆಂಬರಿನಲ್ಲಿ ರಾಷ್ಟ್ರಪತಿಗಳ ಅಧಿಸೂಚನೆಯ ಮೂಲಕ, ಬಹುಕ್ರೀಡಾ ಕೂಟಗಳ ಅಂಗವಾದ ಇ-ಕ್ರೀಡೆಗಳನ್ನು ಕ್ರೀಡಾ ಇಲಾಖೆಗೆ ವಹಿಸಲಾಯಿತು. 2025ರ ಆಗಸ್ಟಿನಲ್ಲಿ ಬಂದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಕ್ರೀಡೆಯೆಂಬ ಮನ್ನಣೆ ಕೊಟ್ಟಿತು. ಸರ್ಕಾರದ ಕಾಗದದಲ್ಲಿ ಕ್ರೀಡೆ ಎನಿಸಿಕೊಂಡ ಮೇಲೆ "ಆಟ ತಾನೆ?" ಎಂದು ಕೈತೊಳೆದುಕೊಳ್ಳುವುದಕ್ಕೆ ನಮ್ಮ ಮಕ್ಕಳಿಗೆ ಎಡೆಯಿಲ್ಲ, ನಮಗೂ ಇಲ್ಲ.

ಇಷ್ಟು ಓದಿಕೊಂಡ ಮೇಲೆ ನಾವು ಮಗನೊಡನೆ ಕುಳಿತೆವು. ಉಪದೇಶ ಮಾಡಲಿಲ್ಲ. ಆ ಶನಿವಾರದ ಮೊದಲನೆಯ ಪಂದ್ಯದ ದಾಖಲೆ ಇದೆಯೇ, ತೋರಿಸು ಎಂದೆವು. ಅವನು ಅದನ್ನು ತೆಗೆದು, ಆ ಕೊನೆಯ ತಿರುವನ್ನು ನಿಧಾನವಾಗಿ ಓಡಿಸಿದ. ಹಿಂದಿನ ಕಾರು ತನ್ನ ದಾರಿಯಲ್ಲಿ ಸರಿಯಾಗಿಯೇ ಬರುತ್ತಿತ್ತು. ಇದ್ದಕ್ಕಿದ್ದಂತೆ ಒಂದು ಕಾರಿನಷ್ಟು ದೂರ ಹಾರಿ ಇವನ ಬೆನ್ನಿಗೆ ಬಡಿಯಿತು. ತಂತಿಯ ತಡ! ಗುದ್ದಿದ್ದು ಯಾರೂ ಅಲ್ಲ. ಇವನು ಸೇಡು ತೀರಿಸಿಕೊಂಡದ್ದು ಯಾರೂ ಮಾಡದ ತಪ್ಪಿಗೆ. ಅವನು ಎರಡು ಸಲ ಹಿಂದೆ ಮುಂದೆ ಓಡಿಸಿ ನೋಡಿ ಸುಮ್ಮನಾದ. ಅವನಮ್ಮ ಒಳಗಿನಿಂದ ಮಜ್ಜಿಗೆ ತಂದು ಮೇಜಿನ ಮೇಲಿಟ್ಟು, ಏನೂ ಕೇಳದೆ ಹೋದಳು.

ಆಗ ನಾವು ಅವನಿಗೆ ಒಂದು ಹಳೆಯ ಮಾತು ಹೇಳಿದೆವು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ವಿಷಯ ಬಿಸಿಯಾಗಿದ್ದಾಗ ಅವನಿನ್ನೂ ಚಿಕ್ಕವನು. ಗಡಿಯಲ್ಲಿ ಬಸ್ಸುಗಳು ನಿಂತವು. ಅಲ್ಲಿ ಟಿ.ಎನ್. ಎಂಬ ಅಕ್ಷರ ಕಂಡರೆ, ಇಲ್ಲಿ ಕೆ.ಎ. ಎಂಬ ಅಕ್ಷರ ಕಂಡರೆ ಕೆಲವರಿಗೆ ಸಾಕಾಗಿತ್ತು. ಒಳಗೆ ಕುಳಿತವರು ಯಾರೆಂದು ಅವರು ನೋಡಲಿಲ್ಲ. ಕಲ್ಲು ಬಿದ್ದದ್ದು ನಂಬರ್ ಪ್ಲೇಟಿಗೆ. ನಮ್ಮ ಮನೆಯಲ್ಲಿ ಆ ವಾರ ಫೋನಿನಲ್ಲಿ ಕನ್ನಡ ಮಾತಾಡುವಾಗ ದನಿ ತಗ್ಗಿಸಿದ್ದೆವು. ಆದರೆ ಎದುರು ಮನೆಯ ಮಾಮಿ ಎಂದಿನಂತೆ ಬೆಳಿಗ್ಗೆ ಬಟ್ಟಲು ಹಿಡಿದು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು; ಹೋಗುವಾಗ, ಏನಾದರೂ ಬೇಕಿದ್ದರೆ ಬಾಗಿಲು ತಟ್ಟಿ ಎಂದು ತಮಿಳಿನಲ್ಲಿ ಹೇಳಿ ಹೋದರು. ಅವರಿಗೆ ನಾವು ಅಕ್ಷರವಾಗಿರಲಿಲ್ಲ, ಮುಖವಾಗಿದ್ದೆವು. "ನೀನು ಅಡ್ಡ ತಿರುಗಿಸಿದ್ದು ಒಂದು ಹೆಸರಿಗೆ, ಒಂದು ಸಂಖ್ಯೆಗೆ. ಅವನು ತಿರುಗಿ ಬೈದದ್ದು ನಿನ್ನ ಬಾವುಟಕ್ಕೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ" ಎಂದೆವು. ಪೆಟ್ಟು ಎಲ್ಲಿ ಆಯಿತೆಂದು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಮರುದಿನ ಅವನು ಆ ಎದುರಾಳಿಗೆ ಕ್ಷಮೆ ಕೇಳಿ ನಾಲ್ಕು ಸಾಲು ಬರೆದ. ಉತ್ತರ ಬರಲಿಲ್ಲ. ಬರಬೇಕೆಂಬ ನಿಯಮವೂ ಇಲ್ಲ. ಇಳಿದುಹೋದ ದರ್ಜೆಯನ್ನು ಮತ್ತೆ ಏರಿಸಿಕೊಳ್ಳಲು ಮೂರು ವಾರ ಹಿಡಿಯಿತು. ಆ ಮೂರು ವಾರ ಅವನು ಹಿಂದಿನ ಸಾಲುಗಳಲ್ಲೇ, ಯಾರಿಗೂ ತಗುಲದಂತೆ ಓಡಿಸುತ್ತಿದ್ದ. ನಾವೂ ಕೆಲವು ರಾತ್ರಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆವು. ಹೆತ್ತವರು ಮಾಡಬಹುದಾದ ಕೆಲಸ ಇದೊಂದೇ ಎಂದು ನಮಗೆ ತೋರುತ್ತದೆ. ಮೇಜಿನಿಂದ ಚಕ್ರವನ್ನು ಕಿತ್ತು ಅಟ್ಟಕ್ಕೆ ಹಾಕುವುದು ಸುಲಭ. ಆದರೆ ಹುಡುಗ ನಾಳೆ ನಿಜವಾದ ರಸ್ತೆಗೆ ಇಳಿಯುವವನು. ಮೌಂಟ್ ರೋಡಿನಲ್ಲಿ ಯಾರಾದರೂ ಅಡ್ಡ ಬಂದಾಗ ಏನು ಮಾಡಬೇಕೆಂಬುದನ್ನು, ಪೆಟ್ಟಾಗದ ಕಡೆಯಲ್ಲೇ ಕಲಿತರೆ ಒಳ್ಳೆಯದಲ್ಲವೇ?

ಕೊನೆಗೆ ನಮ್ಮ ಕರಾವಳಿಯ ಒಂದು ಸಂಗತಿ. ಕಂಬಳದಲ್ಲಿ ಎರಡು ಜೋಡಿ ಕೋಣಗಳು ಅಕ್ಕಪಕ್ಕದ ಎರಡು ಕೆಸರಿನ ಹಾದಿಗಳಲ್ಲಿ ಒಟ್ಟಿಗೆ ಓಡುತ್ತವೆ. ಆ ಹಾದಿಗಳಿಗೆ ಕರೆ ಎಂದೂ, ಎರಡನ್ನೂ ಸೇರಿಸಿ ಜೋಡುಕರೆ ಎಂದೂ ಹೆಸರು. ಮೂಡಬಿದಿರೆಯ ಜೋಡುಕರೆಗೆ ಕೋಟಿ-ಚೆನ್ನಯ ಎಂದು ಕರೆಯುತ್ತಾರೆ, ಮಿಯಾರಿನದಕ್ಕೆ ಲವ-ಕುಶ. ಒಂದರಲ್ಲಿ ಓಡುವವನು ಗೆದ್ದರೆ ಇನ್ನೊಂದರಲ್ಲಿ ಓಡುವವನು ಸೋಲಲೇಬೇಕು. ಅಂಥ ಎರಡು ಹಾದಿಗಳಿಗೆ ನಮ್ಮ ಹಿರಿಯರು ಆರಿಸಿದ್ದು ಅವಳಿ ಅಣ್ಣತಮ್ಮಂದಿರ ಹೆಸರುಗಳನ್ನು. ಸಂಘದ ಮುಂದಿನ ಕ್ರೀಡಾ ದಿನದಲ್ಲಿ ಮಕ್ಕಳಿಗಾಗಿ ಗಣಕದ ಓಟವನ್ನೂ ಇಡಬೇಕೆಂಬ ಮಾತು ಕಾರ್ಯಕಾರಿ ಸಮಿತಿಯಲ್ಲಿ ಬಂದಿದೆಯೆಂದು ಕೇಳಿದ್ದೇವೆ. ಇಟ್ಟರೆ, ಗೆದ್ದವನಿಗೆ ಒಂದು ಬಹುಮಾನದ ಜೊತೆಗೆ ಯಾರಿಗೂ ತಗುಲದೆ ಓಡಿಸಿದವನಿಗೂ ಒಂದು ಇರಲಿ ಎಂಬುದು ನಮ್ಮ ಸಲಹೆ. ಮಕ್ಕಳು ತಮ್ಮ ತಮ್ಮ ಸ್ವಂತ ಹೆಸರಿನಲ್ಲೇ ಓಡಿಸಲಿ.